ಕಿವಿಯ ಹಿಂದಿನ ಗೀರು

ಅಂಗಡಿಯಿಂದ,
ತಾರೀಖು ಹನ್ನೊಂದು, ವಾರದ ರಜೆ, ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ,

‘ಪ್ರೀತಿಯ’ ಎಂದು ಬರೆದದ್ದು ಕಾಗದ ಹಾಗೆ ಶುರುವಾಗಬೇಕು ಎಂಬ ಒಂದೇ ಕಾರಣಕ್ಕೆ. ಅದನ್ನು ನೋಡಿ ಅಕ್ಕನ ಕೋಪ ಇಳಿದಿದೆ ಎಂದು ಹಿಗ್ಗಬೇಡ. ನಿನ್ನ ಆರೋಗ್ಯ ಹೇಗಿದೆ? ಚೆನ್ನಾಗಿಯೇ ಇರುತ್ತದೆ ಬಿಡು, ಅಷ್ಟು ಚೆನ್ನಾಗಿ ಓಡಬಲ್ಲವನ ಆರೋಗ್ಯಕ್ಕೆ ಏನಾದೀತು. ಹೊತ್ತಿಗೆ ಸರಿಯಾಗಿ ಊಟ ಆಗುತ್ತಿದೆಯೇ? ಬೆಳಗ್ಗೆಯಿಂದ ನಿಂತು ನಿಂತು ಸಂಜೆಯಾದರೆ ಹಿಮ್ಮಡಿ ನೋವು ಎನ್ನುತ್ತಿದ್ದೆಯಲ್ಲ, ಅಲ್ಲಿ ಯಾರಾದರೂ ಒಂದು ಎತ್ತರದ ಸ್ಟೂಲಾದರೂ ಕೊಟ್ಟಿದ್ದಾರೋ ಇಲ್ಲವೋ? ಇದೆಲ್ಲ ಅಮ್ಮ ಕೇಳಿ ಬರಿ ಎಂದದ್ದು, ನಾನಾಗಿ ಕೇಳುತ್ತಿಲ್ಲ. ಅಮ್ಮ ಚೆನ್ನಾಗಿದ್ದಾಳೆ. ನಾನು ಹೇಗಿದ್ದೇನೆ ಎಂದು ಇಷ್ಟು ತಿಂಗಳಲ್ಲಿ ನೀನು ಒಮ್ಮೆಯೂ ಕೇಳಲಿಲ್ಲ, ಆದ್ದರಿಂದ ಅದನ್ನು ಬರೆಯುವ ದರ್ದು ನನಗಿಲ್ಲ.

ವಿಳಾಸ ಹೇಗೆ ಸಿಕ್ಕಿತು ಎಂದು ತಲೆ ಕೆಡಿಸಿಕೊಳ್ಳಬೇಡ. ಬ್ಲೇಡು, ಫೋಮು, ಪೌಡರು ಮಾರಿಕೊಂಡು ಊರೂರು ಸುತ್ತುವ ನಮ್ಮ ಪೌಡರ್ ಮಾಮನ ಕಣ್ಣು ತಪ್ಪಿಸಿ ಈ ಕಸುಬಿನವರು ಯಾರಾದರೂ ಅಡಗಿ ಕೂರಲು ಸಾಧ್ಯವೇ? ಅಷ್ಟೂ ಬುದ್ಧಿ ಬೇಡವೇ ನಿನಗೆ? ಅಡಗಲೇಬೇಕು ಅಂತಿದ್ದರೆ ಬಟ್ಟೆ ಅಂಗಡಿಗೆ ಸೇರಿಕೊಳ್ಳಬೇಕಿತ್ತು. ಹೋದ ವಾರ ಬಂದವನು ಚೀಲ ಕೆಳಗಿಡುವ ಮೊದಲೇ ಬಾಯಿಬಿಟ್ಟ. “ನಿನ್ ತಮ್ಮ ಸಿಕ್ಕಿದ್ದ ಕಣಮ್ಮ. ಅಲ್ಲೊಂದು ಸಲೂನಲ್ಲಿ ಮೂಲೆ ಕುರ್ಚಿ ಹಿಡ್ಕೊಂಡಿದಾನೆ. ಬರೀ ಕಟಿಂಗ್ ಮಾಡ್ತಾನೆ. ಶೇವಿಂಗ್ ಅಂತ ಬಂದೋರನ್ನ ಪಕ್ಕದ ಕುರ್ಚಿಗೆ ಕಳಿಸಿಬಿಡ್ತಾನೆ, ರೇಜರ್ ಮುಟ್ಟೋದೇ ಇಲ್ಲ” ಎಂದ. ಅಮ್ಮ ಕಣ್ಣೊರೆಸಿಕೊಂಡಳು. ನನಗೆ ಮೈಯೆಲ್ಲ ಉರಿದುಹೋಯಿತು. ಏನೋ ಇದು ನಾಟಕ? ರೇಜರ್ ಬಿಟ್ಟು ಸನ್ಯಾಸಿಯಾಗಿದ್ದೀಯಾ? ಯಾರನ್ನು ಮೆಚ್ಚಿಸುವುದಕ್ಕೆ? ಮುಖ ಕ್ಷೌರ ಮಾಡದ ಕ್ಷೌರಿಕನನ್ನು ಆ ಮಾಲೀಕ ಇನ್ನೂ ಇಟ್ಟುಕೊಂಡಿದ್ದಾನಲ್ಲ, ಅವನಿಗೆ ನನಗಿಂತ ತಾಳ್ಮೆ ಜಾಸ್ತಿ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿನ್ನ ಕುರ್ಚಿ ಕೇಳಿಕೊಂಡು ಒಬ್ಬ ಬಂದಿದ್ದಾನೆ. ಕೈ ಚೆನ್ನಾಗಿದೆ, ಮಾತು ಕಡಿಮೆ, ಕನ್ನಡಿಯಲ್ಲಿ ತನ್ನ ಮುಖ ತಾನೇ ನೋಡಿಕೊಳ್ಳುವ ಚಾಳಿಯೂ ಇಲ್ಲ. ಈ ವಾರ ಕಳೆಯುವುದರೊಳಗೆ ಹೇಳುತ್ತೇನೆ ಎಂದು ಕಳಿಸಿದ್ದೇನೆ. ನೀನು ವಾಪಸ್ ಬರುತ್ತೀಯೋ ಇಲ್ಲವೋ, ನನಗೆ ಬೇಕಾಗಿರುವುದು ಅಷ್ಟೇ. ಬರುವುದಿಲ್ಲ ಎಂದರೆ ಆ ಕುರ್ಚಿ ಅವನದು, ಆಮೇಲೆ ಜೀವಮಾನದಲ್ಲಿ ನನ್ನನ್ನು ಅಕ್ಕ ಎಂದು ಕರೆಯಬೇಡ. ಆದರೆ ತೀರ್ಮಾನ ಮಾಡುವ ಮೊದಲು, ಯಾವ ಕಾರಣಕ್ಕೆ ಓಡಿಹೋದೆಯೋ ಆ ಕಾರಣ ಎಷ್ಟು ಪೊಳ್ಳು ಎಂಬುದನ್ನು ಕಿವಿಯಗಲಿಸಿ ಕೇಳು. ಮಧ್ಯದಲ್ಲಿ ಎದ್ದು ಹೋಗಬೇಡ, ನಿನಗೆ ಆ ಅಭ್ಯಾಸ ಇದೆ.

ನನ್ನ ತಲೆಯ ಆಪರೇಷನ್ನಿನ ಹಿಂದಿನ ದಿನ ಆಸ್ಪತ್ರೆಯವರು ಬಿಡಿಸಿ ಬಿಡಿಸಿ ಹೇಳಿದ್ದರು: ತಲೆ ಚೆನ್ನಾಗಿ ತೊಳೆದುಕೊಂಡು ಬನ್ನಿ, ಕೂದಲು ಮಾತ್ರ ಮುಟ್ಟಬೇಡಿ, ಎಷ್ಟು ಬೇಕೋ ಅಷ್ಟು ಪಟ್ಟಿಯನ್ನು ನಾವೇ ಮೆಷಿನ್ನಿನಲ್ಲಿ ತೆಗೆಯುತ್ತೇವೆ. ನೀನೂ ನನ್ನ ಪಕ್ಕದಲ್ಲೇ ಹೂಂ ಹೂಂ ಎಂದು ತಲೆಯಾಡಿಸುತ್ತ ನಿಂತಿದ್ದೆ. ಗೇಟು ದಾಟಿದ ಕೂಡಲೇ ನಿನ್ನ ವರಸೆ ಬದಲಾಯಿತು. “ನಮ್ಮಕ್ಕನ ತಲೆಗೆ ಕಂಡೋರು ಮೆಷಿನ್ ಹಾಕೋದಾ? ದನ ಮೇಯ್ದ ಹಾಗೆ ಮಾಡಿ ಕಳಿಸ್ತಾರೆ. ಕಸುಬಿನ ಮನೆಯಿಂದ ಬಂದೋಳು ಅಂತ ಡಾಕ್ಟ್ರಿಗೆ ಗೊತ್ತಾಗಬೇಡ್ವಾ?” ಎಂದೆ. ಬೇಡ ಕಣೋ ಎಂದೆ ನಾನು. ಅವರು ಹೇಳಿದ್ದು ನಿನ್ನ ಕಿವಿಗೆ ಬೀಳಲಿಲ್ಲವಾ ಎಂದೆ. ಒಬ್ಬರ ಮಾತು ಕೇಳುವ ಜಾಯಮಾನವೇ ನಿನ್ನದು? ಶಟರ್ ಅರ್ಧ ಇಳಿಸಿ, ನನ್ನ ಹೆಂಗಸರ ಕಡೆಗೂ ನಿನ್ನ ಗಂಡಸರ ಕಡೆಗೂ ನಡುವೆ ಇರುವ ಪರದೆ ಸರಿಸಿ, ನಿನ್ನ ಕುರ್ಚಿಯಲ್ಲೇ ನನ್ನನ್ನು ಕೂರಿಸಿದೆ. ಬಿಸಿನೀರಿನ ಟವೆಲ್ಲೇನು, ಹೊಸ ಬ್ಲೇಡೇನು, ಮದುವೆ ಗಂಡಿಗೂ ಅಷ್ಟು ಉಪಚಾರ ಮಾಡಿದ್ದಿಲ್ಲ ನೀನು. ಎಡಗಿವಿಯ ಹಿಂದೆ ಮೂಳೆ ಉಬ್ಬಿರುವ ಕಡೆ ಒಂದು ಗೀರು ಬಿತ್ತು. “ಏನಿಲ್ಲಕ್ಕ, ಸೊಳ್ಳೆ ಕಡಿದಷ್ಟು” ಎಂದು ಪಟಿಕ ಒತ್ತಿದೆ. ಗಿರಾಕಿಗಳಿಗೆ ವರ್ಷಕ್ಕೊಂದು ಗೀರು ಬೀಳಿಸುವವನಲ್ಲ ನೀನು. ಅವತ್ತು ನೀನು ಅಳುತ್ತಿದ್ದೆ. ಕನ್ನಡಿಯ ಎದುರು ಕೂರಿಸಿ ಹಿಂದೆ ನಿಂತು ಅತ್ತರೆ ಕಾಣುವುದಿಲ್ಲ ಎಂದುಕೊಂಡಿದ್ದೀಯಲ್ಲ, ಪೆದ್ದ!

ಇನ್ನು ಒಳಗೆ ನಡೆದದ್ದು. ನನ್ನ ಗಡ್ಡೆ ಗೋಲಿಯಷ್ಟಿತ್ತು, ಮಿದುಳಿನಲ್ಲಿ ಬಲಗೈ ಆಡಿಸುವ ಜಾಗದ ಮಗ್ಗುಲಲ್ಲೇ ಕೂತಿತ್ತು ಎಂಬುದು ನಿನಗೆ ಗೊತ್ತೇ ಇದೆ. ಪೂರ್ತಿ ಮಲಗಿಸಿಬಿಟ್ಟರೆ ಕೈಗೆ ಸಂಬಂಧಪಟ್ಟದ್ದು ಯಾವುದು, ಅಲ್ಲದ್ದು ಯಾವುದು ಎಂದು ಕೇಳಲು ಯಾರೂ ಇರುವುದಿಲ್ಲ, ಅದಕ್ಕೆ ನನ್ನನ್ನು ಎಚ್ಚರವಾಗಿಟ್ಟು ತಲೆಯ ಚರ್ಮವನ್ನಷ್ಟೇ ಮರಗಟ್ಟಿಸಿದರು. ಹುಬ್ಬಿನ ಮೇಲೆ, ಕಿವಿಯ ಮುಂದೆ, ಕಿವಿಯ ಹಿಂದೆ, ಹಿಂದಲೆಯಲ್ಲಿ, ಹೀಗೆ ಸುತ್ತಲೂ ಚುಚ್ಚಿದರು. ಒಂದೊಂದೂ ಕಣಜ ಕಡಿದಂತೆ ಉರಿಯಿತು. ಆಮೇಲೆ ನನ್ನ ತಲೆ ನನ್ನದಲ್ಲ, ಯಾರೋ ಗಿರಾಕಿಯದು ಎನ್ನಿಸತೊಡಗಿತು. ಮೂಳೆ ಕೊರೆಯುವಾಗ ನೋವಿಲ್ಲ, ಆದರೆ ಹಲ್ಲಿನ ಬುಡದವರೆಗೂ ಗಡಗಡ. ಚರ್ಮಕ್ಕೆ ನೋವಿದೆ, ಮೂಳೆಯ ಕೆಳಗಿನ ಪೊರೆಗೆ ನೋವಿದೆ, ಮಿದುಳಿಗೆ ಮಾತ್ರ ನೋವೇ ತಿಳಿಯುವುದಿಲ್ಲವಂತೆ. ಎಷ್ಟು ಬೈದರೂ ನಿನಗೆ ತಾಗದಿರುವುದು ಯಾಕೆ ಎಂದು ಅವತ್ತು ಗೊತ್ತಾಯಿತು.

ಅರಿವಳಿಕೆ ಡಾಕ್ಟರು ನನ್ನ ಮುಖದ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದರು. “ಮಾತಾಡ್ತಾ ಇರಿ, ನಿಲ್ಲಿಸ್ಬೇಡಿ” ಎನ್ನುವುದೇ ಅವರ ಕೆಲಸ. ನನಗೆ ಮಾತಾಡು ಎಂದು ಹೇಳಿದವರು ಜೀವಮಾನದಲ್ಲಿ ಅವರೊಬ್ಬರೇ! ಬಲಗೈಗೆ ಒಂದು ಬಾಚಣಿಗೆ ಕೊಟ್ಟು ಹಿಡಿಯಿರಿ ಎಂದರು, ಆಮೇಲೆ ಅದನ್ನು ತೆಗೆದುಕೊಂಡು ಕತ್ತರಿ ಆಡಿಸುವ ಹಾಗೆ ಬೆರಳು ಆಡಿಸಿ ಎಂದರು. ನಾನು ಆಡಿಸುತ್ತ, ಅವರ ಟೋಪಿಯ ಅಂಚಿನಲ್ಲಿ ಇಣುಕುತ್ತಿದ್ದ ಕೂದಲು ನೋಡಿ, ನಿಮಗೆ ಎರಡು ಸುಳಿ ಇರಬೇಕಲ್ಲ ಸಾರ್, ಹಿಂದಕ್ಕೆ ಬಾಚಬೇಡಿ, ಎದ್ದು ನಿಲ್ಲುತ್ತದೆ ಎಂದೆ. ಅಷ್ಟರಲ್ಲಿ ಬೆರಳು ತಟ್ಟನೆ ನಿಂತುಬಿಟ್ಟಿತು. ಎಷ್ಟು ಎಳೆದರೂ ಬರಲಿಲ್ಲ. ಮೇಲಿನಿಂದ ದೊಡ್ಡ ಡಾಕ್ಟರು “ಇಲ್ಲಿ ಬೇಡ” ಎಂದರು. ಮಿದುಳಿಗೆ ತಾಗಿಸಿದ್ದ ಕರೆಂಟಿನ ಕಡ್ಡಿ ತೆಗೆದ ಮೇಲೆ ಬೆರಳು ಮತ್ತೆ ಆಡಿತು. ಹಾಗೆ ನನ್ನ ಕೈಯನ್ನು ಕೇಳಿ ಕೇಳಿ ಗಡ್ಡೆ ತೆಗೆದರು. ನಡುವೆ ದೊಡ್ಡ ಡಾಕ್ಟರಿಗೆ ನಿನ್ನ ಕೆಲಸ ನೆನಪಾಯಿತು. “ರೇಜರ್ ಹಾಕಿದ್ದು ಯಾರಮ್ಮ? ನಾವು ಬೇಡ ಅಂದಿದ್ವಲ್ಲ” ಎಂದು ಗೊಣಗಿದರು. ನಮ್ಮ ತಮ್ಮ ಸಾರ್, ಊರಿಗೇ ಒಳ್ಳೆ ಕೈ, ಪ್ರೀತಿಗೆ ಮಾಡಿದಾನೆ, ಬಯ್ಯಬೇಡಿ ಎಂದೆ. ತಲೆ ತೆರೆದಿಟ್ಟುಕೊಂಡು ನಿನ್ನ ಪರ ವಕಾಲತ್ತು ಮಾಡಿದವಳು ಕಣೋ ನಾನು. ಆಗ ನೀನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ, ಆದ್ದರಿಂದ ಇದು ನಿನಗೆ ಗೊತ್ತಿಲ್ಲ.

ಮೊದಲ ದಿನ ಎಲ್ಲ ಸರಿಯಿತ್ತು. ಬಲಗೈಯಲ್ಲೇ ಲೋಟ ಹಿಡಿದು ಚಹಾ ಕುಡಿದೆ, ನಿನ್ನ ಮೂಗು ಹಿಂಡಿದೆ, ನೀನು ಹಲ್ಲು ಕಿರಿದೆ. ಆಮೇಲೆ ಶುರುವಾಯಿತು. ಎಡಗಣ್ಣು ಊದಿ ಮುಚ್ಚಿಕೊಂಡಿತು. ಮೈ ಕಾದ ಹೆಂಚಾಯಿತು. ಕೈ ಪಕ್ಕದಲ್ಲಿ ಬಿದ್ದಿದೆ, ನಾನು ಎತ್ತು ಅನ್ನುತ್ತೇನೆ, ಅದು ಏಳುವುದಿಲ್ಲ. ನೀರು ಕೇಳಲು ಹೋಗಿ ಬಾಗಿಲು ಎಂದೆನಂತೆ. ನರ್ಸಮ್ಮ ಪಟ್ಟಿ ಬಿಚ್ಚಿದಳು. ನಿನ್ನ ಗೀರಿನ ಸುತ್ತ ಕೆಂಪಗಾಗಿರುವುದು ಕಂಡಿತು. ಅವಳು ವರಾಂಡಕ್ಕೆ ಹೋಗಿ “ಯಾರ್ರೀ ರೇಜರ್ ಹಾಕಿದ್ದು? ಅಷ್ಟು ಹೇಳಿದ್ವಿ! ಒಳಗೆಲ್ಲಾ ಇನ್ಫೆಕ್ಷನ್ ಆಗಿದ್ರೆ ಯಾರು ಜವಾಬ್ದಾರಿ?” ಎಂದು ಕೂಗಿದ್ದು ನನಗೂ ಕೇಳಿಸಿತು. ಮಾತು ಹೋಗಿತ್ತೇ ಹೊರತು ಕಿವಿ ಹೋಗಿರಲಿಲ್ಲ. ನೀನು ಫ್ಲಾಸ್ಕ್ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ನನ್ನ ಮುಖ ನೋಡಿದೆ. ನಾನು ನಿನ್ನ ಹೆಸರು ಕರೆಯಲು ಹೋದೆ, ಬಾಯಿಯಿಂದ ಏನೋ ಅರ್ಥವಿಲ್ಲದ ಸದ್ದು ಬಂತು. ಚಹಾ ತರುತ್ತೇನೆ ಎಂದು ಅಮ್ಮನಿಗೆ ಹೇಳಿ ಹೋದವನು ಕಾಲಿಗೆ ಬುದ್ಧಿ ಹೇಳಿದೆ. ಫ್ಲಾಸ್ಕ್ ಕೂಡ ವಾಪಸ್ ಬರಲಿಲ್ಲ.

ಇನ್ನೊಂದು ದಿನ ನಿಂತಿದ್ದರೆ ಸಾಕಿತ್ತು, ಬರೀ ಒಂದು ದಿನ! ಸ್ಕ್ಯಾನ್ ಮಾಡಿದರು, ಬೆನ್ನಿನಿಂದ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಏನೂ ಇರಲಿಲ್ಲ. ಒಂದು ಕ್ರಿಮಿಯೂ ಇರಲಿಲ್ಲ. ಅರಿವಳಿಕೆ ಡಾಕ್ಟರು ಬಂದು ಹಾಸಿಗೆಯ ಪಕ್ಕ ನಿಂತು ಅಮ್ಮನಿಗೆ ತಿಳಿಸಿ ಹೇಳಿದರು. “ಇದು ಸೋಂಕಲ್ಲಮ್ಮ, ಉರಿಯೂತ. ಮೈಗೆ ಡಾಕ್ಟ್ರ ಚಾಕು ಯಾವ್ದು, ಕಳ್ಳನ ಚಾಕು ಯಾವ್ದು ಗೊತ್ತಾಗಲ್ಲ. ಕುಯ್ದ್ರು ಅಂತಷ್ಟೇ ಗೊತ್ತು. ರಕ್ತ, ನೀರು ಎಲ್ಲಾ ಅಲ್ಲಿಗೆ ನುಗ್ಗಿಸುತ್ತೆ. ಕಾಲು ಉಳುಕಿದ್ರೆ ಊದ್ಕೊಳೋಕೆ ಜಾಗ ಇರುತ್ತೆ, ಬುರುಡೆ ಒಳಗೆ ಎಲ್ಲಿ ಜಾಗ? ಪಕ್ಕದಲ್ಲಿರೋ ಕೈ, ಮಾತು ಎಲ್ಲಾ ಒತ್ತಿಹೋಗುತ್ತೆ. ಚರ್ಮ ಮರಗಟ್ಟಿಸಿದ್ರಿಂದ ನೋವಿನ ಸುದ್ದಿ ಒಳಗೆ ಹೋಗಿಲ್ಲ, ಅದಕ್ಕೇ ಗಲಾಟೆ ಇಷ್ಟಕ್ಕೇ ನಿಂತಿದೆ. ಊತ ಇಳಿದ್ರೆ ಕೈ ಬರುತ್ತೆ” ಎಂದರು. ಆಪರೇಷನ್ನಿಗೆ ಮೊದಲೇ ಇದನ್ನು ಹೇಳಿದ್ದರಂತೆ, ಎರಡು ಮೂರು ದಿನ ಕೆಟ್ಟ ಮೇಲೇ ಒಳ್ಳೆಯದಾಗುವುದು ಎಂದು. ಹೇಳಿದ್ದು ನಿನಗೆ. ನಿನ್ನ ತಲೆಗೆ ಹೋಗಿದ್ದರಲ್ಲವೇ? ಯಾರು, ಏನು, ಯಾಕೆ ಎಂದು ಕೇಳದೆ ಹಾರಾಡುವುದು ನನ್ನ ಮಿದುಳಿಗೆ ಮಾತ್ರ ಬಂದ ರೋಗವಲ್ಲ, ಇಡೀ ಮನೆತನಕ್ಕೇ ಇದೆ ಎಂದು ಕಾಣುತ್ತದೆ.

ಊತ ಇಳಿಸಲು ಒಂದು ಔಷಧಿ ಕೊಟ್ಟರು. ಅದರಿಂದ ಹಸಿವು ಜಾಸ್ತಿಯಾಗುತ್ತದೆ, ಸಿಡುಕು ಬರುತ್ತದೆ, ತಾಳಿಕೊಳ್ಳಿ ಎಂದು ನರ್ಸಮ್ಮ ಅಮ್ಮನಿಗೆ ಹೇಳಿದಳು. “ಹಂಗಾದ್ರೆ ಇವಳು ಹುಟ್ಟಿದಾಗಿಂದ ಅದನ್ನೇ ತಗೊಳ್ತಿರಬೇಕು ಬಿಡಮ್ಮ” ಎಂದಳು ನಮ್ಮ ತಾಯಿ. ವಾರ್ಡಿಗೆ ವಾರ್ಡೇ ನಕ್ಕಿತು. ನಾನೂ ನಗಲು ಹೋದೆ, ಬಾಯಿ ಓರೆಯಾಯಿತು. ಒಂದು ಬೆಳಗ್ಗೆ ಹೆಬ್ಬೆರಳು ಅಲುಗಿತು. ಅಮ್ಮ ಯಾರಿಗೆ ಹೇಳಲಿ ಎಂದು ವರಾಂಡದವರೆಗೂ ಓಡಿಹೋಗಿ ಬೆಂಚು ನೋಡಿ ವಾಪಸ್ ಬಂದಳು. ನೀನು ಅಲ್ಲಿರಬೇಕಿತ್ತು. ಆ ಬೆಂಚಿನ ಮೇಲೆ ನೀನು ಇರಬೇಕಿತ್ತು ಕಣೋ. ಹೆಬ್ಬೆರಳು ಅಲುಗಿದ್ದಕ್ಕೆ ಸಂತೋಷಪಡಬೇಕಾದ ಹೊತ್ತಿನಲ್ಲಿ ನಾನು ಗೋಡೆ ಕಡೆ ತಿರುಗಿ ಅತ್ತೆ, ಅದನ್ನು ನಾನು ನಿನಗೆ ಯಾವತ್ತೂ ಮಾಫಿ ಮಾಡುವುದಿಲ್ಲ.

ಮನೆಗೆ ಬಂದ ಮೇಲೆ ಅಮ್ಮ ನನ್ನ ಮೇಲೇ ತಿರುಗಿಬಿದ್ದಳು. “ನೀನೇ ಏನೋ ಅಂದಿರ್ತೀಯ. ಅವನದು ಮೆತ್ತಗಿನ ಮನಸ್ಸು” ಎಂದಳು. ಮೆತ್ತಗಿನ ಮನಸ್ಸಂತೆ! ನೀರು ಎನ್ನಲು ಬಾಗಿಲು ಎನ್ನುತ್ತಿದ್ದವಳು ನಿನಗೆ ಅದೆಂಥ ಬೈಗುಳ ಜೋಡಿಸಿ ಬೈದಿರಬಲ್ಲೆ? ಅಂಗಡಿ ಬಾಗಿಲು ತೆರೆದ ದಿನ ಗಿರಾಕಿಗಳೆಲ್ಲ ನಿನ್ನನ್ನೇ ಕೇಳಿದರು. ಒಬ್ಬರಿಗೆ ತರಬೇತಿಗೆ ಹೋಗಿದ್ದಾನೆ ಎಂದೆ, ಇನ್ನೊಬ್ಬರಿಗೆ ಹೆಣ್ಣು ನೋಡಲು ಹೋಗಿದ್ದಾನೆ ಎಂದೆ. ಇಬ್ಬರೂ ಒಟ್ಟಿಗೆ ಬಂದ ದಿನ ನನ್ನ ಮುಖ ಎಲ್ಲಿಡಲಿ ಎನ್ನುವ ಹಾಗಾಯಿತು. ನಿನ್ನ ಹಳೆ ಗಿರಾಕಿ ಮೇಷ್ಟ್ರು ಇನ್ನೂ ಬೇರೆ ಕಡೆ ಹೋಗಿಲ್ಲ. ತಲೆ ಗುಬ್ಬಿಗೂಡು ಮಾಡಿಕೊಂಡು ಬೀದಿಯಲ್ಲಿ ನಿಂತು “ಬಂದ್ನಾ?” ಎಂದು ಕೇಳಿ ಮುಂದೆ ಹೋಗುತ್ತಾರೆ. ನಾನೇ ಕತ್ತರಿಸುತ್ತೇನೆ ಬನ್ನಿ ಎಂದರೆ ಹೆಂಗಸರ ಕಡೆಗೆ ಬರಲು ನಾಚಿಕೆಯಂತೆ.

ನನಗೆ ಸಿಟ್ಟು ಯಾವುದಕ್ಕೆ ಎಂದು ಸರಿಯಾಗಿ ತಿಳಿದುಕೋ. ರೇಜರ್ ಹಾಕಿದ್ದಕ್ಕಲ್ಲ. ಗೀರು ಬೀಳಿಸಿದ್ದಕ್ಕೂ ಅಲ್ಲ. ಆ ಜ್ವರಕ್ಕೂ ನಿನ್ನ ರೇಜರಿಗೂ ಸಂಬಂಧವೇ ಇರಲಿಲ್ಲ. ಒಂದು ಸಲ ಒಳಗೆ ಬಂದು, ಡಾಕ್ಟ್ರೇ, ಇದು ನನ್ನಿಂದ ಆಯಿತಾ ಎಂದು ಕೇಳುವಷ್ಟು ಗುಂಡಿಗೆ ನಿನಗಿರಲಿಲ್ಲವಲ್ಲ, ಅದಕ್ಕೆ. ಅಕ್ಕ ಬದುಕುತ್ತಾಳೋ ಸಾಯುತ್ತಾಳೋ ನೋಡುವುದಕ್ಕಿಂತ ನೀನು ತಪ್ಪಿತಸ್ಥನೋ ಅಲ್ಲವೋ ಎನ್ನುವುದೇ ದೊಡ್ಡದಾಯಿತಲ್ಲ, ಅದಕ್ಕೆ. ಅಪ್ಪ ಹೋದ ಮೇಲೆ ನಿನ್ನ ಕೈಗೆ ಕತ್ತರಿ ಕೊಟ್ಟು, ಪಕ್ಕದಲ್ಲಿ ನಿಂತು, ನನ್ನ ತಲೆಯ ಮೇಲೇ ಕಲಿ ಎಂದು ಕೂತವಳು ನಾನು. ಆಗ ನೀನು ಕಿವಿ ಕತ್ತರಿಸಿದ್ದೂ ಉಂಟು. ಆಗ ಓಡಿಹೋಗಿದ್ದೆಯಾ? ಅಳುತ್ತ ಅಲ್ಲೇ ನಿಂತಿದ್ದೆ. ಚಿಕ್ಕವನಿದ್ದಾಗ ನಿನಗೆ ಇದ್ದ ಬುದ್ಧಿ ದೊಡ್ಡವನಾದ ಮೇಲೆ ಎಲ್ಲಿ ಹೋಯಿತು?

ಇಷ್ಟು ಸಾಕು. ಬಲಗೈಯಲ್ಲೇ ಬರೆದಿದ್ದೇನೆ, ಅಕ್ಷರ ನೋಡಿಕೋ, ನಿನ್ನದಕ್ಕಿಂತ ದುಂಡಗಿದೆ. ಬರುವುದಾದರೆ ಸುಮ್ಮನೆ ಬಾ. ಬಾಗಿಲಲ್ಲಿ ನಿಂತು ಮುಖ ಸಣ್ಣದು ಮಾಡುವುದು, ಕಾಲು ಹಿಡಿಯಲು ಬಗ್ಗುವುದು, ಅಂಥದ್ದೇನಾದರೂ ಮಾಡಿದರೆ ಒದೆ ಬೀಳುತ್ತದೆ. ನಾಲ್ಕು ದಿನ ನಾನು ಬಾಯಿಗೆ ಬಂದ ಹಾಗೆ ಬೈಯುತ್ತೇನೆ, ನೀನು ಕೇಳಿಸಿಕೊಳ್ಳುತ್ತೀಯ. ಅಮ್ಮ ನಿನಗೆ ಆಶೀರ್ವಾದ ಬರಿ ಎಂದಳು, ಬರೆದಿದ್ದೇನೆ. ನನ್ನ ಕಡೆಯಿಂದ ಸದ್ಯಕ್ಕೆ ಏನೂ ಇಲ್ಲ.

ಇತಿ, ಇನ್ನೂ ಸಿಟ್ಟಿನಲ್ಲೇ ಇರುವ
ನಿನ್ನ ಅಕ್ಕ

ಮರೆತದ್ದು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಬೈಯುತ್ತ ಕೂತಿದ್ದೆ. ಅಮ್ಮ ಒಳಗೆ ಮಲಗಿದ್ದಾಳೆ, ಏಳುವ ಮೊದಲು ಮುಗಿಸಬೇಕು, ಅವಳಿಗೆ ಇನ್ನೂ ಹೇಳಿಲ್ಲ. ಕಿವಿಯ ಹಿಂದೆ ಹೊಲಿಗೆಯ ಗೆರೆಯಲ್ಲಿ ಕೆಲವು ದಿನದಿಂದ ಕೀವು ಜಿನುಗುತ್ತಿದೆ. ಮೊನ್ನೆ ಹೋಗಿ ತೋರಿಸಿದೆ. ಈ ಸಲ ಉರಿಯೂತವಲ್ಲ, ಸೋಂಕೇ. ಕೊರೆದು ಮತ್ತೆ ಕೂರಿಸಿದ್ದ ಮೂಳೆಯ ತುಂಡಿಗೆ ತಗಲಿದೆ. ಶುಕ್ರವಾರ ಮತ್ತೆ ತೆರೆದು ಆ ತುಂಡನ್ನು ತೆಗೆದುಹಾಕುತ್ತಾರೆ, ಆಮೇಲೆ ಕೆಲವು ತಿಂಗಳು ಆ ಜಾಗದಲ್ಲಿ ಚರ್ಮ ಮಾತ್ರ ಇರುತ್ತದೆ, ಮೂಳೆ ಇರುವುದಿಲ್ಲ. ರೇಜರಿನ ಗೀರಿನಿಂದ ಬಂತಾ ಎಂದು ನಾನೇ ಕೇಳಿದೆ. “ಹೌದು ಅಂತ ಹೇಳಕ್ಕಾಗಲ್ಲ, ಅಲ್ಲ ಅಂತಾನೂ ಹೇಳಕ್ಕಾಗಲ್ಲ” ಎಂದರು ಡಾಕ್ಟರು. ಇದನ್ನು ಪೌಡರ್ ಮಾಮನ ಬಾಯಿಂದ ಕೇಳಿದರೆ ನೀನು ಇನ್ನೂ ದೂರ ಓಡುತ್ತೀಯ, ಅದಕ್ಕೇ ನಾನೇ ಬರೆಯುತ್ತಿದ್ದೇನೆ. ಅವತ್ತು ನಿನ್ನ ತಪ್ಪಿರಲಿಲ್ಲ, ಓಡಿಹೋದೆ. ಇವತ್ತು ನಿನ್ನ ತಪ್ಪಿರಬಹುದು. ಇವತ್ತು ಬಾ.